ಮೊದಲ ಪಾಯಿಂಟ್ ಟೂ ಟೂ ಪಿಸ್ತೂಲ್: ಮುಂಗಡ ಕೊಡುವ ಮುನ್ನ ಓದಿ

"ಸರ, ಚಲೋ ಪಿಸ್ತೂಲ್ ಯಾವ್ದ್ರಿ?"

ಹುಬ್ಬಳ್ಳಿಯಲ್ಲಿ ನಾವು ಅಭ್ಯಾಸ ಮಾಡುವ ಏರ್ ಪಿಸ್ತೂಲಿನ ರೇಂಜಿನಲ್ಲಿ ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಕೇಳುವವರಲ್ಲಿ ಅರ್ಧ ಮಂದಿ ಅಷ್ಟೊತ್ತಿಗಾಗಲೇ ಎಲ್ಲೋ ಮುಂಗಡ ಕೊಟ್ಟು ಬಂದಿರುತ್ತಾರೆ. ಗದಗದಿಂದ ಬರುವ ಒಬ್ಬರು ಕೊಂಡ ಪಿಸ್ತೂಲಿನ ಹಿಡಿ ಅವರ ಅಂಗೈಗಿಂತ ಎರಡು ಅಳತೆ ದೊಡ್ಡದಿತ್ತು. ರಾಣೆಬೆನ್ನೂರಿನ ಇನ್ನೊಬ್ಬರಿಗೆ ಅಗ್ಗದಲ್ಲಿ ಸಿಕ್ಕ ಹಳೇ ಪಿಸ್ತೂಲಿಗೆ ಗುಂಡೇ ಸಿಗಲಿಲ್ಲ. ಮತ್ತೊಬ್ಬರು ಗುರಿ ಹೊಡೆಯಲು ಅಂತ ಜೇಬಿನ ರಿವಾಲ್ವರ್ ಕೊಂಡು ಕೂತರು. ಮೂವರೂ ದುಡ್ಡು ಉಳ್ಳವರು, ಬುದ್ಧಿಯೂ ಉಳ್ಳವರು. ಎಡವಿದ್ದು ಒಂದೇ ಕಡೆ: ಮೊದಲು ವಸ್ತು ಕೊಂಡರು, ಆಮೇಲೆ ಅದು ಯಾಕೆ ಬೇಕೆಂದು ಯೋಚಿಸಿದರು.

ಆದ್ದರಿಂದ ಇಲ್ಲಿರುವ ಹಂತಗಳನ್ನು ಹಿಂದು ಮುಂದು ಮಾಡಬೇಡಿ. ಇದು ರೇಂಜಿನಲ್ಲಿ ಗುರಿ ಹೊಡೆಯುವ ಹವ್ಯಾಸಕ್ಕೆ ಮಾತ್ರ. ಆತ್ಮರಕ್ಷಣೆ, ಬೆಳೆ ರಕ್ಷಣೆ ಬೇರೆ ವಿಷಯಗಳು. ಅವುಗಳ ಪಿಸ್ತೂಲು, ಬಂದೂಕು, ಕಾಗದಪತ್ರ ಎಲ್ಲವೂ ಬೇರೆ.

ಕೈಯಲ್ಲಿ ಇರಬೇಕಾದ ಸಾಮಾನು

ಬಿಳಿ ಹಾಳೆ, ಪೆನ್ಸಿಲ್, ಮಿಲಿಮೀಟರ್ ಗುರುತಿರುವ ಸ್ಕೇಲು. ಒಂದು ಲೀಟರಿನ ತುಂಬಿದ ನೀರಿನ ಬಾಟಲಿ. ಕಿರಾಣಿ ಅಂಗಡಿಯ ಒಂದು ಕೆಜಿ ತೂಕದ ಕಲ್ಲು, ಅದನ್ನು ನೇತುಹಾಕಲು ಗಟ್ಟಿ ತಂತಿಯ ಕೊಕ್ಕೆ. ಪೆನ್ನಿನಷ್ಟು ದಪ್ಪದ ಟಾರ್ಚು. ಬ್ಯಾರಲ್ ಒರೆಸುವ ಕಡ್ಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಒಂದು ನೋಟ್‌ಬುಕ್ಕು. ಇವಿಷ್ಟರಲ್ಲಿ ಜನ ಮರೆಯುವುದು ನೋಟ್‌ಬುಕ್ಕನ್ನೇ, ಕೊನೆಗೆ ಹೆಚ್ಚು ಬೇಕಾಗುವುದೂ ಅದೇ.

ಹಂತ 1: ಎಷ್ಟು ಮೀಟರ್ ಎಂದು ಮೊದಲು ಗೊತ್ತುಮಾಡಿ

ಪಾಯಿಂಟ್ ಟೂ ಟೂ (.22) ಎಂದು ನಾವು ಕರೆಯುವುದನ್ನು ಸ್ಪರ್ಧೆಯ ನಿಯಮಗಳಲ್ಲಿ 5.6 ಮಿ.ಮೀ. ರಿಮ್‌ಫೈರ್ ಎನ್ನುತ್ತಾರೆ. ಹೊತ್ತಿಸುವ ಮದ್ದು ಕಾರ್ಟ್ರಿಡ್ಜಿನ (ತೋಟಾದ) ತಳದ ನಡುವೆ ಇರುವುದಿಲ್ಲ, ಸುತ್ತಲಿನ ಅಂಚಿನೊಳಗೆ ಇರುತ್ತದೆ. ಫೈರಿಂಗ್ ಪಿನ್ನು ಬಡಿಯುವುದು ಆ ಅಂಚಿಗೇ. ಈ ಮಾತನ್ನು ನೆನಪಿಡಿ, ಏಳನೇ ಹಂತದಲ್ಲಿ ಬೇಕಾಗುತ್ತದೆ.

ಈ ಗುಂಡಿನ ಪಿಸ್ತೂಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. 25 ಮೀಟರಿನ ಪಿಸ್ತೂಲು ಐದು ಗುಂಡಿನದು. ತೂಕ 1400 ಗ್ರಾಂ ಮೀರಬಾರದು, ಬ್ಯಾರಲ್ 153 ಮಿ.ಮೀ. ಮೀರಬಾರದು, ಟ್ರಿಗರ್ ಕನಿಷ್ಠ 1000 ಗ್ರಾಂ ಎತ್ತಬೇಕು. ಇಡೀ ಪಿಸ್ತೂಲು 300 × 150 × 50 ಮಿ.ಮೀ. ಪೆಟ್ಟಿಗೆಯಲ್ಲಿ ಕೂರಬೇಕು. 50 ಮೀಟರಿನದು ಒಂಟಿ ಗುಂಡಿನದು, ಉದ್ದ ಬ್ಯಾರಲ್, ಕೈಗವಸಿನ ಹಾಗೆ ಸುತ್ತಿಕೊಳ್ಳುವ ಹಿಡಿ, ಟ್ರಿಗರಿಗೆ ತೂಕದ ಮಿತಿಯೇ ಇಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ಗೆ ಹೋಗಿದ್ದು ಈ ಸ್ಪರ್ಧೆಗೇ. ಅದಾದ ಮೇಲೆ 50 ಮೀಟರ್ ಪಿಸ್ತೂಲನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರು. 50 ಮೀಟರಿನ ಪಿಸ್ತೂಲು ಎಷ್ಟೇ ಚಂದ ಇರಲಿ, 25 ಮೀಟರಿನ ಸ್ಪರ್ಧೆಗೆ ಅದನ್ನು ಹಿಡಿದು ನಿಂತರೆ ತಪಾಸಣೆಯ ಮೇಜಿನಿಂದಲೇ ವಾಪಸ್ಸು.

ಹವ್ಯಾಸಿಗೆ ನನ್ನ ಸಲಹೆ 25 ಮೀಟರಿನದೇ. ನಿಧಾನವಾಗಿ ಹೊಡೆಯಬಹುದು, ವೇಗವಾಗಿಯೂ ಹೊಡೆಯಬಹುದು, ಬೇಸರ ಬರುವುದಿಲ್ಲ.

ಇಲ್ಲಿ ಆಗುವ ತಪ್ಪು: "ಎಲ್ಲಾದಕ್ಕೂ ಆಗ್ಲಿ" ಎಂದು ಸಣ್ಣ ರಿವಾಲ್ವರ್ ಕೊಳ್ಳುವುದು. ಈಶಾಪುರ ರೈಫಲ್ ಫ್ಯಾಕ್ಟರಿಯ 'ನಿಡರ್' ಪಾಯಿಂಟ್ ಟೂ ಟೂ ರಿವಾಲ್ವರೇ ಹೌದು, ಆದರೆ ತೂಕ ಸುಮಾರು 250 ಗ್ರಾಂ. ಅದು ಜೇಬಿಗೆ ಮಾಡಿದ್ದು. ಹಗುರ ದೇಹ, ಗಿಡ್ಡ ಬ್ಯಾರಲ್, ಬಿಗಿ ಟ್ರಿಗರ್ ಮೂರೂ ಸೇರಿದರೆ ಗುರಿ ಕಲಿಯುವವನ ಕೈ ಕೆಡುತ್ತದೆ. ಅದರಲ್ಲಿ ರಿವಾಲ್ವರಿನ ದೋಷ ಏನೂ ಇಲ್ಲ. ಎತ್ತಿನ ಗಾಡಿ ಕೊಂಡು ರೇಸಿಗೆ ಹೋದರೆ ಎತ್ತೇನು ಮಾಡೀತು?

ಹಂತ 2: ಆರು ತಿಂಗಳು ಏರ್ ಪಿಸ್ತೂಲು

4.5 ಮಿ.ಮೀ. (0.177 ಇಂಚು) ಮೀರದ, 20 ಜೌಲ್‌ಗಿಂತ ಹೆಚ್ಚು ಶಕ್ತಿ ಇಲ್ಲದ ಏರ್ ಪಿಸ್ತೂಲಿಗೆ ಶಸ್ತ್ರ ಲೈಸೆನ್ಸ್ ಬೇಡ. ಸ್ಪರ್ಧೆಯ 10 ಮೀಟರ್ ಏರ್ ಪಿಸ್ತೂಲುಗಳೆಲ್ಲ ಈ ಮಿತಿಯೊಳಗೇ ಇವೆ. ಹುಬ್ಬಳ್ಳಿಯಲ್ಲೇ ಅಭ್ಯಾಸ ಮಾಡಬಹುದು. ಕ್ಲಬ್ಬಿನ ಪಿಸ್ತೂಲು ಹಿಡಿದರೆ ಕೈಯಿಂದ ಬರೀ ಪೆಲೆಟ್ಟಿನ ಖರ್ಚು.

ಇದನ್ನು ಮಕ್ಕಳಾಟ ಅಂದುಕೊಂಡವರಿಗೆ ಒಂದು ಲೆಕ್ಕ. 10 ಮೀಟರ್ ಏರ್ ಪಿಸ್ತೂಲಿನ ಗುರಿಪಟ್ಟಿಯಲ್ಲಿ ಹತ್ತು ಅಂಕದ ನಡುವಿನ ವೃತ್ತ 11.5 ಮಿ.ಮೀ. ಅಷ್ಟೆ, ನಮ್ಮ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡೂ ಕಂಚು ಗೆದ್ದಿದ್ದು ಇದರಲ್ಲೇ. ಅದೇ ಕೂಟದಲ್ಲಿ ಪಾಯಿಂಟ್ ಟೂ ಟೂ ಹಿಡಿದು 25 ಮೀಟರಿನಲ್ಲೂ ನಾಲ್ಕನೆಯವರಾದರು. ಏರ್ ಪಿಸ್ತೂಲಿನಲ್ಲಿ ಕೂತ ಕೈ ಮುಂದಕ್ಕೆ ಸಾಗುತ್ತದೆ. ಉಲ್ಟಾ ದಾರಿಯಲ್ಲಿ ಬಂದವರಿಗೆ ಸದ್ದಿಗೆ ಬೆಚ್ಚುವ ಚಾಳಿ ಅಂಟಿಕೊಂಡು ವರ್ಷಗಟ್ಟಲೆ ಬಿಡುವುದಿಲ್ಲ.

ಮುಂದಿನ ಹಂತಕ್ಕೆ ಹೋಗಬಹುದೋ ಇಲ್ಲವೋ ನೋಡಲು ಬಾಟಲಿ ತೆಗೆದುಕೊಳ್ಳಿ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ತೋಳು ನೇರ ಚಾಚಿ ಹಿಡಿದು, ಹದಿನೈದು ಸೆಕೆಂಡು ನಿಲ್ಲಿಸಿ, ಇಳಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎತ್ತಿ. ಹೀಗೆ ಮೂವತ್ತು ಸಲ. ಇಪ್ಪತ್ತಕ್ಕೇ ಭುಜ ನಡುಗಿದರೆ ಭಾರದ ಪಿಸ್ತೂಲಿನ ಮಾತು ಇನ್ನೊಂದು ಹಬ್ಬದವರೆಗೆ ಇರಲಿ.

ಹಂತ 3: ಲೈಸೆನ್ಸ್, ಅಂಗಡಿಗಿಂತ ಮೊದಲು

1959ರ ಶಸ್ತ್ರ ಕಾಯ್ದೆಯ ಪ್ರಕಾರ ಪಾಯಿಂಟ್ ಟೂ ಟೂ ಪಿಸ್ತೂಲಿಗೆ ಲೈಸೆನ್ಸ್ ಬೇಕೇ ಬೇಕು. ಅರ್ಜಿದಾರರಿಗೆ 21 ತುಂಬಿರಬೇಕು. ಅವಳಿ ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ, ಹಳ್ಳಿ ತಾಲೂಕುಗಳವರು, ಗದಗ ಹಾವೇರಿಯವರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಕಾರಣದ ಜಾಗದಲ್ಲಿ 'ಕ್ರೀಡೆ' ಎಂದೇ ಬರೆಯಿರಿ. ಕ್ಲಬ್ಬಿನ ಸದಸ್ಯತ್ವ, ಸ್ಪರ್ಧೆಗಳ ಸ್ಕೋರ್‌ಕಾರ್ಡು, ಶಸ್ತ್ರ ಸುರಕ್ಷತೆಯ ತರಬೇತಿ ಪ್ರಮಾಣಪತ್ರ ಜೊತೆಗಿರಲಿ. ಎರಡನೇ ಹಂತದ ಆರು ತಿಂಗಳು ಇಲ್ಲಿ ಕೈಹಿಡಿಯುತ್ತದೆ. ಸ್ಕೋರ್‌ಕಾರ್ಡು ತೋರಿಸುವವರ ಅರ್ಜಿಗೂ "ಸುಮ್ಮನೆ ಇರಲಿ ಅಂತ್ರಿ" ಎನ್ನುವವರ ಅರ್ಜಿಗೂ ವ್ಯತ್ಯಾಸ ಇದ್ದೇ ಇದೆ.

ಮನೆಯಲ್ಲಿ ಅಜ್ಜನ ಕಾಲದ ಬಂದೂಕು ಇದ್ದರೆ ಲೆಕ್ಕ ಹಾಕಿ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದದ್ದು ಎರಡೇ ಶಸ್ತ್ರ. ಮೊದಲು ಮೂರಿತ್ತು. ಬೆಳೆ ರಕ್ಷಣೆಯ ಲೈಸೆನ್ಸ್ ತೋರಿಸಿ ಪಿಸ್ತೂಲು ಕೊಳ್ಳಲು ಬರುವುದಿಲ್ಲ.

ಇನ್ನು ಎರಡು ಸಾಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಓದಿ. ಒಂದು, ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ: ಜಿಲ್ಲೆಯೋ, ರಾಜ್ಯವೋ, ಇಡೀ ದೇಶವೋ. ನಮಗೆ ಗೋವಾ, ಕೊಲ್ಹಾಪುರ ಬೆಂಗಳೂರಿಗಿಂತ ಹತ್ತಿರ. ಕರ್ನಾಟಕಕ್ಕೆ ಮಾತ್ರ ಇರುವ ಲೈಸೆನ್ಸ್ ಹಿಡಿದು ಅಲ್ಲಿನ ಸ್ಪರ್ಧೆಗೆ ಹೊರಟರೆ ಗಡಿ ದಾಟಿದ ಕೂಡಲೇ ನೀವು ಅಪರಾಧಿ. ಎರಡು, ಗುಂಡಿನ ಮಿತಿ: ಒಮ್ಮೆಗೆ ಎಷ್ಟು ಇಡಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು. ಒಂದು ಸ್ಪರ್ಧೆಗೇ 60 ಗುಂಡು ಹೋಗುತ್ತವೆ, ಅಭ್ಯಾಸದ್ದು ಬೇರೆ.

ಹೊಸ ವಿದೇಶಿ ಪಿಸ್ತೂಲನ್ನು ನೇರ ತರಿಸುವ ದಾರಿ ಇರುವುದು ರಾಷ್ಟ್ರೀಯ ರೈಫಲ್ ಸಂಸ್ಥೆಯಿಂದ 'ರಿನೌನ್ಡ್ ಶೂಟರ್' ಮಾನ್ಯತೆ ಪಡೆದಂಥವರಿಗೆ. ನಮ್ಮಂಥವರಿಗೆ ಉಳಿದದ್ದು ಕೈಬದಲಾದ ಪಿಸ್ತೂಲುಗಳು. ಅದಕ್ಕೇ ಮುಂದಿನ ನಾಲ್ಕು ಹಂತಗಳು ಇಷ್ಟು ಉದ್ದ.

ಹಂತ 4: ಕೈ ಅಳತೆ

ಆರಿಸುವ ಕೆಲಸದಲ್ಲಿ ಮುಕ್ಕಾಲು ಭಾಗ ಇದೇ. ಬ್ರ್ಯಾಂಡು ಆಮೇಲೆ.

ಮೊದಲು ಕಣ್ಣು. ಎರಡೂ ಅಂಗೈ ಚಾಚಿ ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಗಡಿಯಾರವನ್ನು ಅದರೊಳಗೆ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯಿತೋ ಅದು ನಿಮ್ಮ ಮುಖ್ಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಮುಖ್ಯವಾಗಿದ್ದರೂ ಗಾಬರಿ ಬೇಡ, ಪಿಸ್ತೂಲಿನಲ್ಲಿ ಕತ್ತು ಸ್ವಲ್ಪ ತಿರುಗಿಸಿದರೆ ನಡೆಯುತ್ತದೆ. ಮೊದಲೇ ಗೊತ್ತಿದ್ದರೆ ಒಳ್ಳೆಯದು, ಅಷ್ಟೆ.

ಈಗ ಹಾಳೆ. ಕೈಯನ್ನು ಹಾಳೆಯ ಮೇಲಿಟ್ಟು, ಹೆಬ್ಬೆರಳು ಅಗಲಿಸಿ, ಸುತ್ತ ಗೆರೆ ಎಳೆಯಿರಿ. ಹೆಬ್ಬೆರಳು ತೋರುಬೆರಳುಗಳ ನಡುವಿನ ಕವಲಿನಿಂದ ತೋರುಬೆರಳಿನ ತುದಿಯ ಗೆಣ್ಣಿನ ನಡುಮಧ್ಯದವರೆಗೆ ಅಳೆಯಿರಿ. ಆಮೇಲೆ ಅಂಗೈ ಅಗಲ. ಎರಡೂ ಅಂಕಿ ನೋಟ್‌ಬುಕ್ಕಿಗೆ. ಸ್ಪರ್ಧೆಯ ಪಿಸ್ತೂಲುಗಳ ಮರದ ಹಿಡಿಗಳು ಸಣ್ಣ, ನಡು, ದೊಡ್ಡ ಅಳತೆಗಳಲ್ಲಿ, ಎಡಗೈ ಬಲಗೈಗೆ ಬೇರೆ ಬೇರೆಯಾಗಿ ಬರುತ್ತವೆ. ಮಾರುವವರಿಗೆ ಫೋನಿನಲ್ಲೇ "ಹಿಡಿ ಯಾವ ಅಳತೆ, ಯಾವ ಕೈಯದು?" ಎಂದು ಕೇಳಿ. ಉತ್ತರ ಗೊತ್ತಿಲ್ಲದವರ ಹತ್ತಿರ ಪ್ರಯಾಣದ ಖರ್ಚು ಹಾಕಿಕೊಂಡು ಹೋಗಬೇಡಿ.

ಪಿಸ್ತೂಲು ಕೈಗೆ ಬಂದಾಗ ಮೊದಲ ಕೆಲಸ ಹಿಡಿಯುವುದಲ್ಲ, ಖಾಲಿ ಮಾಡುವುದು. ಮೂತಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನ ಹೊರಗೆ, ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆ, ಬೋಲ್ಟ್ (ಚೇಂಬರಿನ ಹಿಂಬದಿ ಮುಚ್ಚುವ ತುಂಡು) ಹಿಂದಕ್ಕೆ ಎಳೆ, ಚೇಂಬರಿನಲ್ಲಿ, ಅಂದರೆ ಗುಂಡು ಕೂರುವ ಗೂಡಿನಲ್ಲಿ, ಕಣ್ಣಾರೆ ನೋಡು. ಕೊಟ್ಟವರು "ಖಾಲಿ ಐತ್ರಿ" ಅಂದಿದ್ದರೂ ನೋಡಬೇಕು. ನಮ್ಮ ರೇಂಜಿನಲ್ಲಿ ಈ ಸಲುವಾಗಿ ಸಿಟ್ಟಾದವರು ಇದ್ದಾರೆ. ಆಗಲಿ ಬಿಡಿ.

ಈಗ ನಿಜವಾದ ಪರೀಕ್ಷೆ. ಗುರಿಯ ಕಡೆ ನಿಂತು ಕಣ್ಣು ಮುಚ್ಚಿ, ಹಾಯಾಗಿ ತೋಳು ಎತ್ತಿ. ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಮುಂದಿನ ಸೈಟು (ಗುರಿ ನೋಡಲು ಬ್ಯಾರಲ್ ಮೇಲಿರುವ ಪಟ್ಟಿ) ಹಿಂದಿನ ಸೈಟಿನ ಕಂಡಿಯ ನಡುವೆ, ಎರಡೂ ಬದಿ ಸಮ ಬೆಳಕು ಬಿಟ್ಟು ನಿಂತಿದ್ದರೆ ಆ ಹಿಡಿ ನಿಮ್ಮದು. ಪ್ರತಿ ಸಲ ಒಂದೇ ಬದಿಗೆ ವಾಲಿದರೆ, ಹಿಡಿಯ ಕೋನ ತಿರುಗಿಸಲು ಬರುತ್ತದೆಯೇ ನೋಡಿ. ಪ್ರತಿ ಸಲ ಬೇರೆ ಬೇರೆ ಕಡೆ ಹೋದರೆ ಹಿಡಿ ಸಡಿಲ, ಇಲ್ಲವೇ ನಿಮಗೆ ಸುಸ್ತಾಗಿದೆ. ಚಹಾ ಕುಡಿದು ಬಂದು ಮತ್ತೆ ನೋಡಿ. ಹತ್ತು ಸಲ ಮಾಡದೆ ತೀರ್ಮಾನಕ್ಕೆ ಬರಬೇಡಿ.

ಸ್ವಲ್ಪ ದೊಡ್ಡ ಹಿಡಿಯನ್ನು ಉಜ್ಜಿ ಸಣ್ಣ ಮಾಡಬಹುದು, ಸ್ವಲ್ಪ ಸಣ್ಣದಕ್ಕೆ ಮರದ ಪುಟ್ಟಿ ತುಂಬಬಹುದು. ಆದರೆ ತೋರುಬೆರಳು ಟ್ರಿಗರಿಗೆ ಎಟುಕದ ಹಿಡಿಯನ್ನು ಬಡಗಿಯಿಂದಲೂ ಸರಿಮಾಡಿಸಲು ಆಗುವುದಿಲ್ಲ. 25 ಮೀಟರಿನ ಪಿಸ್ತೂಲಿಗೆ ಹಿಡಿ ಮಣಿಕಟ್ಟಿಗೆ ಆಧಾರ ಕೊಡುವ ಹಾಗೂ ಇರಬಾರದು.

ಅಪಾಯದ ಸೂಚನೆ: ಹದಿನೈದು ನಿಮಿಷ ಹಿಡಿದ ಮೇಲೆ ಹೆಬ್ಬೆರಳಿನ ಬುಡದಲ್ಲಿ ನೋವು, ಅಥವಾ ಕಿರುಬೆರಳಿಗೆ ಜೋಮು. "ರೂಢಿ ಆಗ್ತದ" ಎಂದು ಹೇಳುತ್ತಾರೆ. ಆಗುವುದಿಲ್ಲ.

ಹಂತ 5: ಟ್ರಿಗರ್ ತೂಗಿ ನೋಡಿ

ಖಾಲಿ ಪಿಸ್ತೂಲಿನ ಮೂತಿಯನ್ನು ನೇರ ಮೇಲಕ್ಕೆ ಮಾಡಿ, ಟ್ರಿಗರಿಗೆ ಕೊಕ್ಕೆ ಹಾಕಿ ಒಂದು ಕೆಜಿ ಕಲ್ಲನ್ನು ಮೇಜಿನಿಂದ ಮೆಲ್ಲಗೆ ಎತ್ತಿ. ಕಲ್ಲು ಎದ್ದು ಬಂದರೂ ಟ್ರಿಗರ್ ಬಿಡಬಾರದು. ಮೂರು ಸಲ ನೋಡಿ. ಕೊಕ್ಕೆಯ ತೂಕವೂ ಸೇರುತ್ತದೆ ಎಂಬುದು ಲಕ್ಷ್ಯದಲ್ಲಿರಲಿ. ಪಿಸ್ತೂಲನ್ನು ಮೊದಲೇ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಒತ್ತುವ) ಸ್ಥಾನಕ್ಕೆ ಹಾಕಿಕೊಳ್ಳಿ.

ತೂಕ ಸರಿ ಇದ್ದ ಮಾತ್ರಕ್ಕೆ ಟ್ರಿಗರ್ ಚಲೋ ಅಂತಲ್ಲ. ಒಳ್ಳೆಯ ಟ್ರಿಗರಿಗೆ ಎರಡು ಘಟ್ಟ. ಮೊದಲಿನದು ಮೆತ್ತಗೆ ಹಿಂದೆ ಸರಿದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪವೇ ಒತ್ತಿದರೆ ಮಂಜುಗಡ್ಡೆ ಮುರಿದ ಹಾಗೆ ಬಿಡುತ್ತದೆ. ಗೋಡೆಯ ನಂತರ ಜಾರುತ್ತ, ಕೆರೆಯುತ್ತ ಹೋದರೆ ಒಳಗೆ ಸವೆದಿದೆ, ಇಲ್ಲವೇ ಯಾರೋ ಅರ ಹಚ್ಚಿದ್ದಾರೆ. ಬಿಟ್ಟ ಮೇಲೂ ಬೆರಳು ದೂರ ಓಡಿದರೆ ಸ್ಕ್ರೂ ತಿರುಗಿಸಿ ಸರಿಮಾಡಬಹುದು.

ಅರ ಹಚ್ಚಿದ ಟ್ರಿಗರಿನ ಪಿಸ್ತೂಲು ಪುಕ್ಕಟೆ ಕೊಟ್ಟರೂ ಬೇಡ. ಬೋಲ್ಟ್ ಜೋರಾಗಿ ಮುಚ್ಚಿದಾಗ ತಾನೇ ಹ್ಯಾಮರ್ ಬಿದ್ದರೆ, ಅದು ಗುಂಡು ತುಂಬಿದ ದಿನ ತಾನೇ ಹಾರುವ ಪಿಸ್ತೂಲು.

ಹಂತ 6: ಸೈಟು

ಮುಂದಿನ ಸೈಟಿನ ಎರಡೂ ಬದಿಗೆ ಬೆಳಕಿನ ಗೆರೆ ಕಾಣಬೇಕು. ನಲವತ್ತು ದಾಟಿದವರಿಗೆ ಗೆರೆ ಸ್ವಲ್ಪ ಅಗಲ ಇದ್ದರೆ ಅನುಕೂಲ. ಹಿಂದಿನ ಸೈಟಿನ ಸ್ಕ್ರೂ ಪ್ರತಿ ತಿರುವಿಗೂ ಟಿಕ್ ಅನ್ನಬೇಕು. ಟಿಕ್ ಅನ್ನದೆ ಸಡಿಲವಾಗಿ ತಿರುಗಿದರೆ ಗುಂಡು ಎತ್ತ ಬೇಕಾದರೂ ಹೋದೀತು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಸೈಟಿನ ಬಿಡಿಭಾಗ ಬದಲಿಸಬಹುದು.

ಹಂತ 7: ಹಳೇ ಪಿಸ್ತೂಲಿನ ಒಳಗೆ ಇಣುಕಿ

ವಾಲ್ಥರ್, ಪಾರ್ಡಿನಿ, ಮೊರಿನಿ, ಹ್ಯಾಮರ್ಲಿ ಹೆಸರುಗಳು ಕಿವಿಗೆ ಬೀಳುತ್ತವೆ. ಎಲ್ಲವೂ ಒಳ್ಳೆಯವೇ. ಚೆನ್ನಾಗಿ ಇಟ್ಟುಕೊಂಡ ಹಳೆಯ ವಾಲ್ಥರ್ ಜಿಎಸ್‌ಪಿ, ಹಾಳುಮಾಡಿದ ಹೊಸದಕ್ಕಿಂತ ಮೇಲು. ನೋಡುವ ಕ್ರಮ ಇದು.

ಮೊದಲು ಬ್ಯಾರಲ್ಲಿನ ಮೇಲಿನ ಅಕ್ಷರ ಓದಿ. '.22 ಲಾಂಗ್ ರೈಫಲ್' ಇಲ್ಲವೇ ಅದರ ಹ್ರಸ್ವರೂಪ ಇರಬೇಕು. 'ಶಾರ್ಟ್' ಅಂತಿದ್ದರೆ ಬಿಟ್ಟುಬಿಡಿ. 2004ರವರೆಗೆ ರ‍್ಯಾಪಿಡ್ ಫೈರ್ (ವೇಗವಾಗಿ ಹೊಡೆಯುವ) ಸ್ಪರ್ಧೆಗೆ .22 ಶಾರ್ಟ್ ಗುಂಡು ಬಳಸುತ್ತಿದ್ದರು. 2005ರಿಂದ ಲಾಂಗ್ ರೈಫಲ್ ಆಯಿತು. ರಾಣೆಬೆನ್ನೂರಿನವರು ಸಿಕ್ಕಿಬಿದ್ದದ್ದು ಇಲ್ಲೇ. ಆ ಪಿಸ್ತೂಲಿಗೆ ಮರ್ಯಾದೆ ಇದೆ, ಊಟ ಇಲ್ಲ.

ಎರಡನೆಯದು ನಂಬರು. ಪಿಸ್ತೂಲಿನ ಮೇಲಿರುವ ನಂಬರೂ ಮಾರುವವರ ಲೈಸೆನ್ಸಿನ ನಂಬರೂ ಅಕ್ಷರಕ್ಷರ ಒಂದೇ ಇರಬೇಕು. ಒಂದಂಕಿ ಹೆಚ್ಚುಕಡಿಮೆಯಾಗಿದ್ದರೂ ಅಲ್ಲಿಂದ ಏಳಿ.

ಮೂರನೆಯದು ಬ್ಯಾರಲ್. ಬೋಲ್ಟ್ ಬಿಚ್ಚಿ ಹಿಂದಿನಿಂದ ಟಾರ್ಚು ಬಿಡಿ. ಒಳಗೆ ಕಪ್ಪು ಉಂಗುರದಂಥ ಗುರುತು ಕಂಡರೆ ಬ್ಯಾರಲ್ ಅಲ್ಲಿ ಉಬ್ಬಿದೆ, ಎಂದೋ ಒಂದು ಗುಂಡು ಒಳಗೇ ಸಿಕ್ಕಿಕೊಂಡಾಗ ಹಿಂದೆ ಇನ್ನೊಂದು ಹೊಡೆದಿದ್ದಾರೆ. ಮೂತಿಯ ಅಂಚಿನಲ್ಲಿ ಗಾಯ ಇದ್ದರೂ ಗುಂಡು ಚದುರುತ್ತದೆ.

ನಾಲ್ಕನೆಯದು ಚೇಂಬರಿನ ಬಾಯಿ. ಮೊದಲ ಹಂತದಲ್ಲಿ ಪಿನ್ನು ಅಂಚಿಗೆ ಬಡಿಯುತ್ತದೆ ಎಂದೆನಲ್ಲ, ಖಾಲಿ ಚೇಂಬರಿನಲ್ಲಿ ಸುಮ್ಮಸುಮ್ಮನೆ ಟ್ರಿಗರ್ ಒತ್ತಿದರೆ ಆ ಪಿನ್ನು ಕಬ್ಬಿಣಕ್ಕೇ ಬಡಿಯಬಹುದು. ಚೇಂಬರಿನ ಅಂಚಿನಲ್ಲಿ ಸಣ್ಣ ತಗ್ಗು ಕಂಡರೆ ಹಿಂದಿನ ಮಾಲೀಕರು ಹಾಗೆ ಮಾಡಿದ್ದಾರೆ. ಕಾರ್ಟ್ರಿಡ್ಜು ಹೊರಬರಲು ತಕರಾರು ಶುರುವಾಗುವುದು ಅಲ್ಲಿಂದ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಡ್ರೈ ಫೈರಿಗೆ ಬೇರೆ ವ್ಯವಸ್ಥೆ ಇರುತ್ತದೆ. ಅದು ಕೆಲಸ ಮಾಡುತ್ತದೆಯೇ ನೋಡಿ, ಮನೆಯ ಅಭ್ಯಾಸವೆಲ್ಲ ಅದರ ಮೇಲೇ ನಿಂತಿದೆ.

ಕೊನೆಗೆ ಮ್ಯಾಗಜೀನು. ಕನಿಷ್ಠ ಎರಡು ಕೇಳಿ. ತುಟಿ ಸೊಟ್ಟಗಾದ ಮ್ಯಾಗಜೀನಿನಿಂದ ಆಗುವ ತೊಂದರೆಯನ್ನು ಜನ ಪಿಸ್ತೂಲಿನ ತಲೆಗೆ ಕಟ್ಟುತ್ತಾರೆ.

ಹಂತ 8: ಗುಂಡು ಹೊಂದಿಸಿ

ಒಂದೇ ಮಾದರಿಯ ಎರಡು ಪಿಸ್ತೂಲುಗಳಿಗೆ ಬೇರೆ ಬೇರೆ ಗುಂಡು ಒಗ್ಗುತ್ತವೆ. ಯಾಕೆಂದು ತಲೆ ಕೆರೆದುಕೊಳ್ಳುವ ಬದಲು ಹೊಡೆದು ನೋಡಿ. ಲೈಸೆನ್ಸುಳ್ಳ ಮಾಲೀಕರು ಜೊತೆಗಿದ್ದು, 25 ಮೀಟರ್ ಇರುವ ಅಧಿಕೃತ ರೇಂಜಿನಲ್ಲಿ ಇದು ಆಗಬೇಕು. ನಮ್ಮಲ್ಲಿ ಅನೇಕರು ಇದಕ್ಕೆಂದೇ ಬೆಂಗಳೂರಿನ ರಾತ್ರಿ ರೈಲು ಹತ್ತುತ್ತಾರೆ.

ಮರಳಿನ ಚೀಲದ ಮೇಲೆ ಕೈ ಊರಿ, ಒಂದೊಂದು ಬಗೆಯ ಗುಂಡಿನಲ್ಲಿ ಹತ್ತು ಹತ್ತು ಹೊಡೆಯಿರಿ. 25 ಮೀಟರಿನ ನಿಧಾನ ಸುತ್ತಿನ ಗುರಿಪಟ್ಟಿಯಲ್ಲಿ ಹತ್ತರ ವೃತ್ತ 50 ಮಿ.ಮೀ. ಹತ್ತೂ ತೂತು ಅಷ್ಟರೊಳಗೆ ಒತ್ತಾಗಿ ಬೀಳಬೇಕು. ವೃತ್ತದ ನಡುವೆಯೇ ಬೀಳಬೇಕೆಂದಿಲ್ಲ, ಒಂದೆಡೆ ಬಿದ್ದರೆ ಸೈಟು ತಿರುಗಿಸಿ ನಡುವಿಗೆ ತರಬಹುದು. ಗುಂಡಿನ ಡಬ್ಬಿಯ ಲಾಟ್ ನಂಬರು ನೋಟ್‌ಬುಕ್ಕಿಗೆ. ಈ ಪಿಸ್ತೂಲುಗಳು ಸ್ಟ್ಯಾಂಡರ್ಡ್ ವೇಗದ, 40 ಗ್ರೇನ್ (2.6 ಗ್ರಾಂ) ಸೀಸದ ಗುಂಡಿಗೆ ಮಾಡಿದವು. 'ಹೈ ವೆಲಾಸಿಟಿ' ಎಂದು ಬರೆದ ಗುಂಡು ಬೋಲ್ಟನ್ನು ಹಿಂದಕ್ಕೆ ಅಪ್ಪಳಿಸಿ ಹಾಳುಮಾಡುತ್ತದೆ.

ಮೂರು ಸೂಚನೆ ಕಂಡರೆ ತಕ್ಷಣ ನಿಲ್ಲಿಸಬೇಕು. ಟ್ರಿಗರ್ ಒತ್ತಿ ಗುಂಡು ಹಾರದಿದ್ದರೆ ಮೂತಿ ಗುರಿಯ ಕಡೆಗೇ ಇಟ್ಟು ಮೂವತ್ತು ಸೆಕೆಂಡು ಕಾಯಿರಿ, ಮದ್ದು ತಡವಾಗಿ ಹೊತ್ತಬಹುದು. ಸದ್ದು ಠಸ್ಸೆಂದು ಮೆತ್ತಗೆ ಬಂದರೆ ಗುಂಡು ಬ್ಯಾರಲ್ಲಿನಲ್ಲೇ ಉಳಿದಿರಬಹುದು. ಖಾಲಿ ಮಾಡಿ, ಕಡ್ಡಿ ಹಾಕಿ ನೋಡದೆ ಮುಂದಿನದನ್ನು ಹೊಡೆಯಬೇಡಿ. ಹೊರಬಿದ್ದ ಕಾರ್ಟ್ರಿಡ್ಜಿನ ತಳ ಬಿರಿದಿದ್ದರೆ ಅವತ್ತಿಗೆ ಅಭ್ಯಾಸ ಮುಗಿಯಿತು.

"ಹೊಲದಾಗ ಡಬ್ಬಿ ಇಟ್ಟು ನೋಡೂಣ್ರಿ" ಎನ್ನುವವರಿಗೆ: ಈ ಸಣ್ಣ ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ನವಲಗುಂದ, ನರಗುಂದದ ಕಡೆಯ ಎರಿ ಹೊಲ ಅಂಗೈಯಂತೆ ಸಪಾಟು, ತಡೆಯಲು ಒಂದು ದಿಬ್ಬವಿಲ್ಲ. ಬೇಸಿಗೆಯಲ್ಲಿ ಒಣಗಿದ ಎರಿಮಣ್ಣು ಕಲ್ಲಿನಂತೆ, ಗುಂಡು ಪುಟಿದು ಎತ್ತ ಹೋಯಿತೆಂದು ಹೇಳಲಾಗದು. ಜೊತೆಗೆ ಲೈಸೆನ್ಸೂ ಹೋಗುತ್ತದೆ.

ಹಂತ 9: ಮನೆಗೆ ತಂದ ಮೇಲೆ

ಮೊದಲ ದಿನವೇ ನಂಬರನ್ನು ಲೈಸೆನ್ಸಿಗೆ ಏರಿಸುವ ಕೆಲಸ ಶುರುಮಾಡಿ. ಪಿಸ್ತೂಲು ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ. ಧಾರವಾಡದ ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆ ತೇವ ಹಿಡಿದುಕೊಂಡು ಪಿಸ್ತೂಲಿಗೆ ತುಕ್ಕು ತರಿಸುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೊಮ್ಮೆ ತೆರೆದು ಒರೆಸಿ. ತೆಳು ಗನ್ ಆಯಿಲ್ ಒಂದೆರಡು ಹನಿ ಸಾಕು. ಕೊಬ್ಬರಿ ಎಣ್ಣೆ ಹಚ್ಚಿದವರೊಬ್ಬರ ಪಿಸ್ತೂಲು ಚಳಿಗಾಲಕ್ಕೆ ಅಂಟಿಕೊಂಡು, ಬೋಲ್ಟ್ ಎಳೆಯಲು ಇಬ್ಬರು ಬೇಕಾದರು. ಹೊಡೆದು ಬಂದ ಮೇಲೆ ರೊಟ್ಟಿ ಮುಟ್ಟುವ ಮುನ್ನ ಸಾಬೂನು ಹಚ್ಚಿ ಕೈ ತೊಳೆಯಿರಿ, ಬೆರಳಲ್ಲಿ ಸೀಸ ಇರುತ್ತದೆ.

ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಶಸ್ತ್ರಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುತ್ತದೆ. ಸ್ಪರ್ಧೆ ಹತ್ತಿರವಿದ್ದರೆ ಆಹ್ವಾನಪತ್ರ, ಸದಸ್ಯತ್ವದ ಪ್ರತಿ ಜೋಡಿಸಿ ವಿನಾಯಿತಿಗೆ ಕೂಡಲೇ ಅರ್ಜಿ ಕೊಡಿ. ಒಪ್ಪಿಸಲೇಬೇಕಾದರೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಮ್ಯಾಗಜೀನುಗಳನ್ನೂ ಎಣಿಸಿ ರಸೀದಿಯಲ್ಲಿ ಬರೆಸಿಕೊಳ್ಳಿ.